ದೊಡ್ಡಮ್ಮನ ಡಬ್ಬಿಯಲ್ಲಿದ್ದದ್ದು ಯಾವ ಚಕ್ಕೆ?

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸು, ಮನೆಗೆ ಬಂದರೆ ನಿದ್ದೆ. ಹೋದ ತಿಂಗಳು ಅಂತೂ ಇಂತೂ ಮೂರು ದಿನ ರಜೆ ಸಿಕ್ಕಿ ತಿ. ನರಸೀಪುರದ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅಲ್ಲಿ ಆದ ಒಂದು ಸಣ್ಣ ಜಗಳವೇ ಈ ಬರಹಕ್ಕೆ ಕಾರಣ.

ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದರೆ ದೊಡ್ಡಮ್ಮ ಒಂದು ಲೋಟ ಬಿಸಿನೀರಿಗೆ ಚಮಚದ ತುಂಬ ಏನೋ ಕಂದು ಪುಡಿ ಹಾಕಿ ಕಲಕುತ್ತಾ ಇದ್ದರು. ಮನೆಯೆಲ್ಲ ಪಲಾವಿನ ವಾಸನೆ.

"ಏನ್ ದೊಡ್ಡಮ್ಮ ಇದು?"

"ಚಕ್ಕೆ ಪುಡಿ ಕಣಪ್ಪ. ಶುಗರ್‌ಗೆ ಒಳ್ಳೇದಂತೆ. ಒಂದು ವರ್ಷದಿಂದ ಕುಡೀತಿದೀನಿ."

"ದಿನಾ ಇಷ್ಟೊಂದಾ?"

"ಚಕ್ಕೆ ತಾನೆ, ವಿಷ ಅಲ್ಲವಲ್ಲ. ನಮ್ಮಪ್ಪ ಸಾಯೋವರೆಗೂ ನಂಜನಗೂಡು ಹಲ್ಲುಪುಡೀಲೇ ಹಲ್ಲು ತಿಕ್ಕಿದ್ದು. ಎಂಬತ್ತು ವರ್ಷಕ್ಕೂ ಕಬ್ಬು ಸಿಗಿದು ತಿಂತಿದ್ರು. ಅದೂ ನಾರುಬೇರಿನ ಔಷಧೀನೇ. ನಮ್ಮ ಹಿಂದಿನವರು ಮಾಡಿದ್ದು ನಿಮ್ಮ ಕಂಪ್ಯೂಟರಿಗೆ ಗೊತ್ತಾಗಲ್ಲ ಬಿಡು."

ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ಆದರೆ ಲೋಟದ ತಳದಲ್ಲಿ ಲೋಳೆ ಲೋಳೆಯಾಗಿ ಉಳಿದಿದ್ದ ಪುಡಿ ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು. ಬೆಂಗಳೂರಿಗೆ ಬಂದ ಮೇಲೆ ಮೂರು ವಾರ ಸಿಕ್ಕಿದ್ದನ್ನೆಲ್ಲ ಓದಿದೆ. ದೊಡ್ಡಮ್ಮ ಹೇಳಿದ ಎರಡು ಮಾತು, ಅಂದರೆ ನಂಜನಗೂಡಿನ ಹಲ್ಲುಪುಡಿ ಮತ್ತು 'ನಮ್ಮ ಹಿಂದಿನವರು', ಇವೆರಡನ್ನೂ ಹಿಡಿದುಕೊಂಡು ಹೋದರೆ ಎಲ್ಲಿಗೆ ತಲುಪುತ್ತೇವೆ ಅಂತ ನೋಡೋಣ ಅನ್ನಿಸಿತು.

ಮೊದಲು ನಂಜನಗೂಡು. ಹೆಸರಲ್ಲೇ ನಂಜು ಇದೆ. ವಿಷ ಕುಡಿದ ನಂಜುಂಡ ಇರುವ ಊರು. ಟಿಪ್ಪು ಸುಲ್ತಾನನ ಆನೆಗೆ ಇಲ್ಲಿನ ದೇವರ ಹರಕೆಯಿಂದ ಕಣ್ಣು ಬಂತು, ಆಗ ಟಿಪ್ಪು ದೇವರನ್ನು 'ಹಕೀಮ್ ನಂಜುಂಡ' ಅಂತ ಕರೆದ ಅನ್ನುವ ಪ್ರತೀತಿ ಇದೆ. ಹಾಗಾಗಿ ಔಷಧಿಗೆ ಹೆಸರಾಗುವುದಕ್ಕೆ ಇದಕ್ಕಿಂತ ಹೊಂದುವ ಊರು ಇನ್ನೊಂದಿಲ್ಲ. ಆದರೆ ಹಲ್ಲುಪುಡಿ ಪುರಾಣ ಕಾಲದ್ದಲ್ಲ. ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಶುರು ಮಾಡಿದ್ದು 1913ರಲ್ಲಿ. ಅವರು ಕಲಿತದ್ದು ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿ, ಆ ಕಾಲೇಜು ಶುರುವಾದದ್ದು 1908ರಲ್ಲಿ. ಅಂದರೆ ಮನೆಯ ಅಜ್ಜ ಮೊಮ್ಮಗನಿಗೆ ಗುಟ್ಟಾಗಿ ಹೇಳಿಕೊಟ್ಟ ವೈದ್ಯವಲ್ಲ ಇದು. ಪಾಠಪಟ್ಟಿ, ಪರೀಕ್ಷೆ, ಸರ್ಟಿಫಿಕೇಟು ಎಲ್ಲ ಇದ್ದ ಹೊಸ ಕಾಲದ ಓದು. ನಾವು ಇಂಜಿನಿಯರಿಂಗ್ ಮುಗಿಸಿ ಕಂಪನಿ ಸೇರಿದ ಹಾಗೆ ಅವರು ಕಾಲೇಜು ಮುಗಿಸಿ ತಮ್ಮದೇ ಕಂಪನಿ ಮಾಡಿದರು ಅನ್ನಬಹುದೇನೋ :-)

ಇನ್ನೊಂದು ವಿಷಯ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಕಪಿಲೆಗೆ ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಇತ್ತಲ್ಲ, ಅದರ ಮೇಲೇ ಹಳಿ ಹಾಕಿದರು. ನೂರೈವತ್ತು ವರ್ಷ ಹಳೆಯ ಸೇತುವೆಯ ಮೇಲೆ ರೈಲು! (ಈಗಿನ ಫ್ಲೈಓವರುಗಳ ಬಗ್ಗೆ ನಾನೇನೂ ಹೇಳಲ್ಲ.) ಮುಂದೆ ಚಾಮರಾಜನಗರಕ್ಕೆ ಹಳಿ ಹೋದದ್ದು 1926ರಲ್ಲಿ. ಅಂದರೆ ಸದ್ವೈದ್ಯಶಾಲೆ ಶುರುವಾದ ಕಾಲಕ್ಕೆ ನಂಜನಗೂಡು ಆ ಹಳಿಯ ಕೊನೆಯ ಸ್ಟೇಷನ್ನು. ದೇವರ ದರ್ಶನಕ್ಕೆ ಬರುವ ಜನವೆಲ್ಲ ಅಲ್ಲೇ ಇಳಿಯಬೇಕು, ಅಲ್ಲೇ ಹತ್ತಬೇಕು. ತೇರು ನೋಡಿಕೊಂಡು ಹಿಂದಿರುಗುವಾಗ ಕೈಚೀಲದಲ್ಲಿ ಹಿಡಿಸುವ, ಕೆಡದ, ಒಡೆಯದ, ಹಗುರವಾದ ಸರಕು ಯಾವುದು? ಪುಡಿ. ಈ ಹಲ್ಲುಪುಡಿ ರಾಜ್ಯದ ತುಂಬ ಮನೆಮಾತಾಗುವುದಕ್ಕೆ ಪಂಡಿತರ ವಿದ್ಯೆಯ ಜೊತೆಗೆ ಈ ರೈಲಿನ ಪಾಲೂ ಇತ್ತು ಅಂತ ನನ್ನ ಊಹೆ.

ಅದಕ್ಕಿಂತ ಮುಂಚೆ ಜನ ಹಲ್ಲು ತಿಕ್ಕುತ್ತಿರಲಿಲ್ಲವೇ? ಬೇವಿನ ಕಡ್ಡಿ ಇತ್ತು, ಇದ್ದಿಲು ಇತ್ತು, ಉಪ್ಪು ಇತ್ತು. ಕಪಿಲಾ-ಕಾವೇರಿಯ ನಡುವಿನ ನಮ್ಮ ಕಡೆ ಭತ್ತಕ್ಕೆ ಬರವಿಲ್ಲ, ಹಾಗಾಗಿ ಹೊಟ್ಟು ಸುಟ್ಟ ಕರಿಯೂ ಹಲ್ಲಿಗೆ ಬರುತ್ತಿತ್ತು. ಹೊಟ್ಟು ಪೂರ್ತಿ ಸುಟ್ಟರೆ ಉಳಿಯುವ ಬೂದಿಯಲ್ಲಿ ಶೇಕಡ 85ಕ್ಕೂ ಹೆಚ್ಚು ಸಿಲಿಕಾ. ಈಗಿನ ಟೂತ್‌ಪೇಸ್ಟಿನಲ್ಲಿ ಉಜ್ಜುವುದಕ್ಕೆ ಹಾಕುವುದೂ ಸಿಲಿಕಾವನ್ನೇ, ಆದರೆ ಅದನ್ನು ನುಣ್ಣಗೆ ಅಳತೆ ಮಾಡಿ ಹಾಕುತ್ತಾರೆ. ಒರಟು ಕರಿ ತಿಕ್ಕಿ ತಿಕ್ಕಿ ಹಲ್ಲಿನ ಮೇಲ್ಪದರ ಸವೆದುಹೋದವರೂ ಇದ್ದರು, ಅದನ್ನೂ ಹೇಳಬೇಕು. ಪುಸ್ತಕದಲ್ಲಿ ನೋಡಿದರೆ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲೇ ಹಲ್ಲಿಗೆ ಹಚ್ಚುವ ಮಿಶ್ರಣವಿದೆ. ಶುಂಠಿ, ಮೆಣಸು, ಹಿಪ್ಪಲಿ, ಸೈಂಧವ ಲವಣ, ಜೇನು, ಎಣ್ಣೆ. ಅಡುಗೆಮನೆಯ ಡಬ್ಬಿಗೂ ಹಲ್ಲಿಗೂ ನಂಟು ಅಷ್ಟು ಹಳೆಯದು.

ಈ ನಂಟು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಎರಡು ವರ್ಷದ ಹಿಂದೆ ದವಡೆ ಹಲ್ಲು ನೋವು ಬಂದು ದಂತವೈದ್ಯರ ಹತ್ತಿರ ಹೋಗಿದ್ದೆ. ಹಲ್ಲು ಕೊರೆದು, ತಾತ್ಕಾಲಿಕವಾಗಿ ಏನೋ ತುಂಬಿದರು. ಬಾಯಿ ತುಂಬ ಲವಂಗದ ವಾಸನೆ! ಕೇಳಿದರೆ 'ಜಿಂಕ್ ಆಕ್ಸೈಡ್ ಯೂಜಿನಾಲ್' ಅಂದರು. ಯೂಜಿನಾಲ್ ಅನ್ನುವುದು ಲವಂಗದ ಎಣ್ಣೆಯ ಮುಖ್ಯ ಭಾಗ, ಆ ಎಣ್ಣೆಯಲ್ಲಿ ಶೇಕಡ 70-85ರಷ್ಟು ಅದೇ ಇರುತ್ತದೆ. ನರದಲ್ಲಿ ನೋವಿನ ಸಂದೇಶ ಹೋಗುವುದನ್ನು ಮಂದ ಮಾಡುತ್ತದೆ, ಕ್ರಿಮಿಗಳನ್ನೂ ತಡೆಯುತ್ತದೆ. ಸತುವಿನ ಆಕ್ಸೈಡಿನ ಪುಡಿಯ ಜೊತೆ ಕಲಸಿದರೆ ಗಟ್ಟಿಯಾಗುತ್ತದೆ. ಅಜ್ಜಿ ಹಲ್ಲುನೋವಿಗೆ ಲವಂಗ ಕಚ್ಚಿಕೊ ಅನ್ನುತ್ತಿದ್ದದ್ದೂ, ಏರ್‌ಕಂಡೀಷನ್ ಕ್ಲಿನಿಕ್ಕಿನ ಬಿಲ್ಲಿನಲ್ಲಿದ್ದದ್ದೂ ಒಂದೇ ಅಣು. ತುಳಸಿಯಲ್ಲೂ ಅದಿದೆ, ನಮ್ಮ ಮೈಸೂರು ವೀಳ್ಯದೆಲೆಯ ಘಮದಲ್ಲೂ ಅದರ ಮತ್ತು ಅದರ ದಾಯಾದಿಗಳ ಪಾಲಿದೆ. ಹೆಸರು ಮಾತ್ರ ಯುರೋಪಿನ ರಾಜಕುಮಾರ ಯೂಜಿನ್‌ನದು. ಲವಂಗದ ಗಿಡಕ್ಕೆ ಆತನ ಹೆಸರಿಟ್ಟಿದ್ದರು, ಅದರಿಂದ ಅಣುವಿಗೂ ಬಂತು. ಕುದುರೆ ಮೇಲೆ ಕೂತು ಯುದ್ಧ ಮಾಡಿಕೊಂಡಿದ್ದ ಮನುಷ್ಯ, ಹೆಸರು ಉಳಿದದ್ದು ಹಲ್ಲುನೋವಿನಲ್ಲಿ!

ಹಾಗಾದರೆ ದೊಡ್ಡಮ್ಮ ಹೇಳಿದ್ದು ಸರಿಯೇ ಆಯಿತಲ್ಲ? ಅರ್ಧ ಸರಿ. ಹಲ್ಲುಪುಡಿಯ ವಿಷಯದಲ್ಲಿ ಒಂದನ್ನು ಗಮನಿಸಿ: ಅದನ್ನು ತಿಕ್ಕಿ ಉಗಿಯುತ್ತೇವೆ. ನುಂಗುವುದಿಲ್ಲ. ದೊಡ್ಡಮ್ಮ ನುಂಗುತ್ತಿದ್ದರು.

ಇನ್ನು ಚಕ್ಕೆಗೆ ಬರೋಣ. ನನಗೆ ಬಹಳ ಖುಷಿ ಕೊಟ್ಟದ್ದು ಅದರ ಹೆಸರುಗಳು. ಸಂಸ್ಕೃತದಲ್ಲಿ ಅದು 'ತ್ವಕ್', ಅಂದರೆ ಬರೀ ಚರ್ಮ, ತೊಗಟೆ. ಕನ್ನಡದಲ್ಲಿ ನಾವು 'ಚಕ್ಕೆ' ಅಂದುಬಿಡುತ್ತೇವೆ. ಕಲ್ಲಿನದೂ ಚಕ್ಕೆ, ಮರದ್ದೂ ಚಕ್ಕೆ. ಯಾವ ಮರದ್ದು ಅಂತ ಎರಡೂ ಹೇಳುವುದಿಲ್ಲ. ಹೇಳುವುದು 'ದಾಲ್ಚಿನ್ನಿ' ಒಂದೇ. ಅದು ಪಾರಸಿಯ ದಾರ್-ಚೀನಿ, ಚೀನಾದ ಮರ! ಗೋವಾದಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ 1563ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಈ ಹೆಸರಿನ ಬಗ್ಗೆ ಬರೆದಿದ್ದಾನೆ. ಚೀನಾದ ಹಡಗಿನವರು ತಂದು ಮಾರುತ್ತಿದ್ದರಿಂದ ಈ ಹೆಸರು ಬಂತು ಅನ್ನುವುದು ಅವನ ವಿವರಣೆ. ಅಂದರೆ ನಾನೂರೈವತ್ತು ವರ್ಷಗಳ ಹಿಂದೆಯೇ ಜನರಿಗೆ ಈ ಗೊಂದಲ ಇತ್ತು: ಸಿಂಹಳದ ತೊಗಟೆ ಯಾವುದು, ಚೀನಾದ್ದು ಯಾವುದು, ನಮ್ಮ ಮಲೆಯ ಕಾಡಿನದು ಯಾವುದು?

ಮೂರೂ ಬೇರೆ ಬೇರೆ ಮರಗಳು, ಒಂದೇ ಕುಲದವು. ಸಿಂಹಳದ್ದು ತೆಳು, ಸಿಹಿ, ದುಬಾರಿ. ಅದಕ್ಕಾಗಿ ಪೋರ್ಚುಗೀಸರು ಹೊಡೆದಾಡಿದರು, ಅವರನ್ನು 1658ರ ಹೊತ್ತಿಗೆ ಡಚ್ಚರು ಓಡಿಸಿದರು, ಡಚ್ಚರನ್ನು 1796ರಲ್ಲಿ ಇಂಗ್ಲಿಷರು ಓಡಿಸಿದರು. ಅದೇ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ಆಚೆ ಬದಿಯ ಕಣ್ಣೂರಿನ ಹತ್ತಿರ ಅಂಜರಕಂಡಿಯಲ್ಲಿ ದಾಲ್ಚಿನ್ನಿ ತೋಟವನ್ನೇ ಎಬ್ಬಿಸಿತು. ನಮ್ಮ ಪಶ್ಚಿಮಘಟ್ಟದ ಕಾಡು ದಾಲ್ಚಿನ್ನಿಯ ಕಥೆ ಇನ್ನೂ ಹಳೆಯದು. ಅದರ ಬಳಗದ ಎಲೆಯೇ 'ತಮಾಲಪತ್ರ', ಗ್ರೀಕರು ರೋಮನ್ನರು ಅದನ್ನು 'ಮಾಲಬಾತ್ರಂ' ಅಂತ ಕರೆದು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು. ನಾವು ಪಲಾವ್ ಎಲೆ ಅಂತ ತಟ್ಟೆಯ ಅಂಚಿಗೆ ತಳ್ಳುವುದು ಅದರ ವಂಶವನ್ನೇ.

ನಮ್ಮ ಕಡೆ ಇನ್ನೊಂದು ಹೆಸರಿದೆಯಲ್ಲ, 'ಲವಂಗಚಕ್ಕೆ'. ಲವಂಗ ಎಲ್ಲಿ, ಚಕ್ಕೆ ಎಲ್ಲಿ? ಒಂದು ಮೊಗ್ಗು, ಇನ್ನೊಂದು ತೊಗಟೆ, ಮರಗಳಿಗೆ ದೂರದ ಸಂಬಂಧವೂ ಇಲ್ಲ. ಆದರೆ ಸಿಂಹಳದ ದಾಲ್ಚಿನ್ನಿ ಮರದ ಎಲೆಯ ಎಣ್ಣೆ ತೆಗೆದರೆ ಅದರಲ್ಲಿ ಮುಕ್ಕಾಲು ಪಾಲು ಯೂಜಿನಾಲ್, ಥೇಟ್ ಲವಂಗ! ತೊಗಟೆಯಲ್ಲೂ ಸ್ವಲ್ಪ ಇದೆ. ಚೀನಾ ಕಡೆಯ ದಪ್ಪ ತೊಗಟೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಲವಂಗಚಕ್ಕೆ ಅಂತ ಹೆಸರಿಟ್ಟ ನಮ್ಮ ಹಿಂದಿನವರ ಮೂಗಿಗೆ ಸಿಕ್ಕಿದ್ದು ಲವಂಗದ ಘಮ ಇದ್ದ ತೊಗಟೆಯೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ, ಭಾಷಾಶಾಸ್ತ್ರ ಬಲ್ಲವರು ಬೈಯಬಹುದು.

ಸರಿ, ಈ ಎಲ್ಲ ವಾಸನೆ ಮರಕ್ಕೆ ಎಲ್ಲಿಂದ ಬರುತ್ತದೆ? ಇಲ್ಲಿ ಸ್ವಲ್ಪ ಕೆಮಿಸ್ಟ್ರಿ. ಮೊದಲ ವರ್ಷದ ಇಂಜಿನಿಯರಿಂಗಿನಲ್ಲಿ ನನಗೆ ಕೆಮಿಸ್ಟ್ರಿಯಲ್ಲಿ ಬಂದ ಅಂಕ ಇಲ್ಲಿ ಹೇಳುವುದಿಲ್ಲ. ಗಿಡಗಳಲ್ಲಿ ಫೀನೈಲ್‌ಅಲನಿನ್ ಅನ್ನುವ ಅಮೈನೋ ಆಮ್ಲ ಇರುತ್ತದೆ, ನಮ್ಮ ಬೇಳೆಯ ಪ್ರೋಟೀನಿನಲ್ಲೂ ಅದೇ ಇರುವುದು. ಗಿಡ ಅದರಿಂದ ಸಾರಜನಕವನ್ನು ಕಳಚಿ ಸಿನಮಿಕ್ ಆಮ್ಲ ಮಾಡುತ್ತದೆ. ಅಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಕವಲಿನಲ್ಲಿ ಹೋದರೆ ಸಿನಮಾಲ್ಡಿಹೈಡ್, ಅದೇ ಚಕ್ಕೆಯ ಖಾರ-ಸಿಹಿ ವಾಸನೆ. ಇನ್ನೊಂದರಲ್ಲಿ ಯೂಜಿನಾಲ್. ಮೂರನೆಯದರಲ್ಲಿ ಕೂಮರಿನ್. ಮರದ ಕಾಂಡವನ್ನು ಗಟ್ಟಿಯಾಗಿ ನಿಲ್ಲಿಸುವ ಲಿಗ್ನಿನ್ ಕೂಡ ಇದೇ ದಾರಿಯದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದೇ ಬೇಸ್ ಕ್ಲಾಸಿನಿಂದ ಹುಟ್ಟಿದ ನಾಲ್ಕು ಕ್ಲಾಸುಗಳು :-) ಮರ ಇವುಗಳನ್ನು ಮಾಡಿಕೊಳ್ಳುವುದು ನಮ್ಮ ಬಿಸಿಬೇಳೆಬಾತಿಗೋಸ್ಕರ ಅಲ್ಲ. ಹುಳ, ಬೂಷ್ಟು ಹತ್ತಿರ ಬರದಿರಲಿ ಅಂತ.

ಸಿನಮಾಲ್ಡಿಹೈಡನ್ನು ದಾಲ್ಚಿನ್ನಿ ಎಣ್ಣೆಯಿಂದ ಬೇರೆ ಮಾಡಿದ್ದು 1834ರಲ್ಲಿ, ಫ್ರಾನ್ಸಿನ ಡ್ಯೂಮಾ ಮತ್ತು ಪೆಲಿಗೋ. ಆ ಕಾಲದಲ್ಲಿ ಯುರೋಪಿನವರಿಗೆ ನಮ್ಮ ಸಾಂಬಾರ ಡಬ್ಬಿಯ ಮೇಲೆ ಅದೇನು ಹುಚ್ಚೋ, ಒಂದಾದ ಮೇಲೆ ಒಂದು ತೆಗೆದರು. ಅರಿಶಿನದ ಬಣ್ಣ 1815ರಲ್ಲಿ, ಮೆಣಸಿನ ಪೈಪರಿನ್ 1819ರ ಆಸುಪಾಸಿನಲ್ಲಿ. ಮೆಣಸಿನದನ್ನು ತೆಗೆದ ಅರ್ಸ್ಟೆಡ್, ವಿದ್ಯುತ್ತಿಗೂ ಆಯಸ್ಕಾಂತಕ್ಕೂ ಸಂಬಂಧ ಇದೆ ಅಂತ 1820ರಲ್ಲಿ ತೋರಿಸಿದ ಅದೇ ಅರ್ಸ್ಟೆಡ್! ಎಲೆಕ್ಟ್ರಿಕಲ್ ಓದಿದವರು ಸಾರಿಗೆ ಮೆಣಸು ಹಾಕುವಾಗ ಒಂದು ಸಲ ನೆನೆಯಿರಿ.

ನಮ್ಮ ಮೈಸೂರಿಗೆ ಈ ವಿದ್ಯೆ ಬಂದದ್ದು ಗಂಧದ ಎಣ್ಣೆಯ ಮೂಲಕ. 1914ರಲ್ಲಿ ಯುದ್ಧ ಶುರುವಾಗಿ ಜರ್ಮನಿಗೆ ಗಂಧದ ಮರ ಹೋಗುವುದು ನಿಂತಿತು. ಮೈಸೂರು ಸರ್ಕಾರ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞರ ನೆರವಿನಿಂದ ಇಲ್ಲೇ ಎಣ್ಣೆ ತೆಗೆಯಲು ಹೊರಟಿತು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ. ಇಪ್ಪತ್ತೈದು ಕಿಲೋಮೀಟರ್ ಕೂಡ ದೂರವಿಲ್ಲದ ಎರಡು ಊರು, ನಾಲ್ಕು ವರ್ಷದ ಅಂತರ. ಒಂದು ಕಡೆ ಗಿಡಮೂಲಿಕೆಯನ್ನು ಇಡಿಯಾಗಿ ಕುಟ್ಟಿ ಪುಡಿ ಮಾಡುವ ವೈದ್ಯಶಾಲೆ, ಇನ್ನೊಂದು ಕಡೆ ಮರವನ್ನು ಹಬೆಗಿಟ್ಟು ಅದರೊಳಗಿನದನ್ನು ಮಾತ್ರ ಹಿಂಡಿ ತೆಗೆಯುವ ಕಾರ್ಖಾನೆ. ಮುಂದೆ 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಸಿಎಫ್‌ಟಿಆರ್‌ಐ ಬಂತು. ಅಲ್ಲಿನ ವಿ. ಎಸ್. ಗೋವಿಂದರಾಜನ್ 1977ರಿಂದ ಮೆಣಸು, ಅರಿಶಿನ, ಶುಂಠಿ, ಮೆಣಸಿನಕಾಯಿಗಳ ರಸಾಯನಶಾಸ್ತ್ರದ ಬಗ್ಗೆ ಬರೆದ ಉದ್ದುದ್ದ ವಿಮರ್ಶಾ ಲೇಖನಗಳನ್ನು ಪ್ರಪಂಚದ ಮಸಾಲೆ ವಿಜ್ಞಾನಿಗಳೆಲ್ಲ ತಿರುವಿ ಹಾಕಿದ್ದಾರೆ. ಲಲಿತ ಮಹಲ್ಲು, ಝೂ ಎಲ್ಲ ತೋರಿಸಿದ ನಮ್ಮ ಶಾಲೆಯ ಪ್ರವಾಸದಲ್ಲಿ ಈ ಹೆಸರು ಯಾರೂ ಹೇಳಲಿಲ್ಲ.

ಈಗ ಆ ಮೂರನೇ ಕವಲು, ಕೂಮರಿನ್. ಒಣಹುಲ್ಲಿನ ಸಿಹಿ ವಾಸನೆ ಅದರದ್ದು. 1820ರಲ್ಲಿ ಟೋಂಕಾ ಅನ್ನುವ ಬೀಜದಿಂದ ತೆಗೆದರು, 1868ರಲ್ಲಿ ಪರ್ಕಿನ್ ಪ್ರಯೋಗಾಲಯದಲ್ಲೇ ಮಾಡಿದ. ತಿಂಡಿಗಳಿಗೆ ಘಮಕ್ಕೆ ಹಾಕುತ್ತಿದ್ದರು. ಪ್ರಾಣಿಗಳ ಪಿತ್ತಜನಕಾಂಗ, ಅಂದರೆ ಲಿವರಿಗೆ ಪೆಟ್ಟಾಗುತ್ತದೆ ಅಂತ ಕಂಡ ಮೇಲೆ 1954ರಲ್ಲಿ ಅಮೆರಿಕ ಆಹಾರಕ್ಕೆ ಬೆರೆಸುವುದನ್ನು ನಿಷೇಧಿಸಿತು. ಮನುಷ್ಯರಲ್ಲಿ ಎಲ್ಲರಿಗೂ ಆಗುವುದಿಲ್ಲ, ಕೆಲವರ ಲಿವರ್ ಮಾತ್ರ ಸೂಕ್ಷ್ಮ. ಯಾರದ್ದು ಅಂತ ಮೊದಲೇ ಗೊತ್ತಾಗುವುದಿಲ್ಲ. 2004ರಲ್ಲಿ ಯುರೋಪಿನ ಆಹಾರ ಸುರಕ್ಷತೆಯ ಸಂಸ್ಥೆ ಒಂದು ಮಿತಿ ಹಾಕಿತು: ಜೀವನಪೂರ್ತಿ ದಿನಾ ತಿಂದರೂ ಪರವಾಗಿಲ್ಲ ಅನ್ನುವ ಪ್ರಮಾಣ, ದೇಹತೂಕದ ಒಂದು ಕಿಲೋಗೆ 0.1 ಮಿಲಿಗ್ರಾಂ. 2006ರಲ್ಲಿ ಜರ್ಮನಿಯಲ್ಲಿ ಕ್ರಿಸ್ಮಸ್ಸಿಗೆ ಮಾಡುವ ಚಕ್ಕೆ ಬಿಸ್ಕತ್ತಿನ ಮೇಲೆ ದೊಡ್ಡ ಗಲಾಟೆಯೇ ಆಯಿತು.

ಯಾಕೆಂದರೆ ಚೀನಾ, ವಿಯಟ್ನಾಂ, ಇಂಡೋನೇಷ್ಯಾ ಕಡೆಯ ದಪ್ಪ ತೊಗಟೆಯಲ್ಲಿ (ಇದಕ್ಕೆ ಕ್ಯಾಸಿಯಾ ಅನ್ನುತ್ತಾರೆ) ಕೂಮರಿನ್ ಬಹಳ. ತುಂಬ ಏರುಪೇರಿದ್ದರೂ ಒಂದು ಕಿಲೋಗೆ ಸುಮಾರು 3 ಗ್ರಾಂ ಅಂತ ಲೆಕ್ಕ ಹಿಡಿಯುತ್ತಾರೆ. ಸಿಂಹಳದ ದಾಲ್ಚಿನ್ನಿಯಲ್ಲಿ ಹೆಸರಿಗಷ್ಟೇ. ನಮ್ಮ ದೇಶಕ್ಕೆ ಆಮದಾಗಿ ದಿನಸಿ ಅಂಗಡಿಗಳಿಗೆ ಬರುವ ಅಗ್ಗದ ಚಕ್ಕೆ ಬಹುಪಾಲು ಕ್ಯಾಸಿಯಾ. ನಮ್ಮ ಆಹಾರ ಕಾನೂನು 'ದಾಲ್ಚಿನ್ನಿ'ಯನ್ನೂ ಕ್ಯಾಸಿಯಾ ಅಥವಾ 'ತಜ್' ಅನ್ನೂ ಬೇರೆ ಬೇರೆ ಅಂತಲೇ ಬರೆದಿದೆ. ಆದರೆ ಅಂಗಡಿಯಲ್ಲಿ ಕೇಳಿದರೆ ಎಲ್ಲವೂ ಚಕ್ಕೆ. ನೋಡಿದರೆ ಗೊತ್ತಾಗುತ್ತದೆ. ಸಿಂಹಳದ್ದು ಕಾಗದದಂಥ ಪದರ ಪದರ ಸೇರಿಸಿ ಬೀಡಿ ಸುತ್ತಿದ ಹಾಗೆ, ಬೆರಳಲ್ಲಿ ಮುರಿದರೆ ಪುಡಿಯಾಗುತ್ತದೆ. ಕ್ಯಾಸಿಯಾ ಒಂದೇ ದಪ್ಪ ಪದರ, ಎರಡೂ ಅಂಚು ಒಳಗೆ ಸುರುಳಿ, ಮುರಿಯಲು ಕಲ್ಲೇ ಬೇಕು. ಪುಡಿಯಾಗಿದ್ದರೆ ಬಿಸಿನೀರಿಗೆ ಹಾಕಿ ನೋಡಿ, ಕ್ಯಾಸಿಯಾ ಲೋಳೆಯಾಗುತ್ತದೆ.

ಲೋಳೆ. ದೊಡ್ಡಮ್ಮನ ಲೋಟ ನೆನಪಾಯಿತು.

ಫೋನ್ ಮಾಡಿ ತಮ್ಮನಿಗೆ (ದೊಡ್ಡಮ್ಮನ ಮಗ) ಹೇಳಿದೆ. ಅದೇ ಚಮಚದಲ್ಲಿ ಹತ್ತು ಚಮಚ ಪುಡಿ ತೆಗೆದುಕೊಂಡು ಹೋಗಿ ಎದುರು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸು ಅಂತ. ಮೂವತ್ತೊಂದು ಗ್ರಾಂ ಬಂತು. ದಿನಕ್ಕೆ 3 ಗ್ರಾಂ ಅಂತಿಟ್ಟುಕೊಳ್ಳಿ. ಅದರಲ್ಲಿ ಕೂಮರಿನ್ ಸುಮಾರು 9 ಮಿಲಿಗ್ರಾಂ. ದೊಡ್ಡಮ್ಮನ ತೂಕ 55 ಕಿಲೋ, ಮಿತಿ 5.5 ಮಿಲಿಗ್ರಾಂ. ಒಂದು ವಾರ ಎರಡು ವಾರ ಮಿತಿ ದಾಟಿದರೆ ಏನೂ ಆಗುವುದಿಲ್ಲ ಅಂತ ಅದೇ ತಜ್ಞರು ಹೇಳುತ್ತಾರೆ. ಆದರೆ ಇದು ಒಂದು ವರ್ಷ. ಮೊದಲೇ ಮಾತ್ರೆ ನುಂಗುತ್ತಿರುವ ಅರವತ್ತು ದಾಟಿದ ಹೆಂಗಸು.

ಹಾಗಾದರೆ ಈ ಚಮಚದ ಲೆಕ್ಕ ಎಲ್ಲಿಂದ ಬಂತು? 'ನಮ್ಮ ಹಿಂದಿನವರಿಂದ' ಅಂತ ದೊಡ್ಡಮ್ಮ ಅಂದರು. ನಾನು ಹುಡುಕಿದಷ್ಟಕ್ಕೆ ಅದರ ಬೇರು ಸಿಕ್ಕಿದ್ದು 2003ರಲ್ಲಿ. ಪಾಕಿಸ್ತಾನದಲ್ಲಿ 60 ಜನ ಸಕ್ಕರೆ ಕಾಯಿಲೆಯವರ ಮೇಲೆ ನಡೆಸಿದ ಒಂದು ಪ್ರಯೋಗ ಅಮೆರಿಕದ ಡಯಾಬಿಟಿಸ್ ಕೇರ್ ಪತ್ರಿಕೆಯಲ್ಲಿ ಬಂತು. ದಿನಕ್ಕೆ 1, 3, ಇಲ್ಲವೇ 6 ಗ್ರಾಂ, ನಲವತ್ತು ದಿನ. ಬರಿಹೊಟ್ಟೆಯ ಸಕ್ಕರೆ ಶೇಕಡ 18ರಿಂದ 29ರವರೆಗೆ ಇಳಿಯಿತು ಅಂತ ಫಲಿತಾಂಶ. ಅದು ಪೇಪರಿಗೆ ಬಂತು, ಫಾರ್ವರ್ಡ್ ಮೇಲ್ ಆಯಿತು, ಟೀವಿಯ ಬೆಳಗಿನ ಕಾರ್ಯಕ್ರಮವಾಯಿತು, ಕೊನೆಗೆ ತಿ. ನರಸೀಪುರದ ಲೋಟಕ್ಕೆ ಇಳಿಯಿತು. ದಾರಿಯಲ್ಲಿ ಎರಡು ವಿಷಯ ಉದುರಿಹೋದವು. ಒಂದು, ಆ ಪ್ರಯೋಗ 40 ದಿನದ್ದು ಮಾತ್ರ. ಇನ್ನೊಂದು, ಅದರ ನಂತರ ಬೇರೆಯವರು ಮಾಡಿದಾಗ ಫಲಿತಾಂಶ ಹಾಗೆ ಬರಲಿಲ್ಲ. 2012ರಲ್ಲಿ ಕಾಕ್ರೇನ್ ಸಂಸ್ಥೆಯವರು 10 ಪ್ರಯೋಗ, 577 ಜನರ ವಿವರ ಒಟ್ಟುಗೂಡಿಸಿ ನೋಡಿ, ಸಕ್ಕರೆ ಕಾಯಿಲೆಗೆ ಚಕ್ಕೆ ಕೊಡಿ ಅನ್ನುವಷ್ಟು ಸಾಕ್ಷಿ ಇಲ್ಲ ಅಂದರು. ತಮಾಷೆ ಏನೆಂದರೆ 2003ರಲ್ಲಿ ಕೊಟ್ಟದ್ದೂ ಕ್ಯಾಸಿಯಾವನ್ನೇ, ಜರ್ಮನಿಯವರು ಹೆದರಿದ್ದೂ ಕ್ಯಾಸಿಯಾಕ್ಕೇ.

ನಿಜವಾಗಿ ಹಿಂದಿನವರು ಎಷ್ಟು ಹಾಕುತ್ತಿದ್ದರು? ಅದಕ್ಕೂ ಲೆಕ್ಕ ಸಿಕ್ಕಿತು. ಚರಕ ಸಂಹಿತೆಯ ಚ್ಯವನಪ್ರಾಶ ನೋಡಿ. 500 ನೆಲ್ಲಿಕಾಯಿಯ ಪಾಕ. ಕೊನೆಗೆ ಘಮಕ್ಕೆ ಚಕ್ಕೆ, ಏಲಕ್ಕಿ, ಪತ್ರೆ, ನಾಗಕೇಸರ, ಈ ನಾಲ್ಕೂ ಸೇರಿ ಒಂದೇ ಒಂದು ಪಲ. ಒಂದು ಪಲವನ್ನು ಈಗ 48 ಗ್ರಾಂ ಅಂತ ಹಿಡಿಯುತ್ತಾರೆ, ನಾಲ್ಕು ಪಾಲು ಮಾಡಿದರೆ ಚಕ್ಕೆಗೆ 12 ಗ್ರಾಂ. ಇಡೀ ಕೊಪ್ಪರಿಗೆಗೆ ಹನ್ನೆರಡು ಗ್ರಾಂ! ಅದನ್ನು ಮನೆಮಂದಿ ತಿಂಗಳುಗಟ್ಟಲೆ ತಿನ್ನುತ್ತಿದ್ದರು. ನಮ್ಮ ದೊಡ್ಡಮ್ಮ ನಾಲ್ಕೇ ದಿನಕ್ಕೆ ಮುಗಿಸುತ್ತಿದ್ದರು. ತೊಗಟೆ ಹಳೆಯದಲ್ಲ, ಪ್ರಮಾಣ ಹಳೆಯದಲ್ಲ, ದಿನಾ ಬರಿಹೊಟ್ಟೆಗೆ ಕುಡಿಯುವ ಪದ್ಧತಿಯಂತೂ ನಮ್ಮ ಮನೆಯಲ್ಲಿ ಯಾವ ಅಜ್ಜಿಗೂ ಇರಲಿಲ್ಲ. ಹಳೆಯದು ಅನ್ನುವ ನಂಬಿಕೆ ಮಾತ್ರ ಹಳೆಯದು.

ಪರಂಪರೆಯನ್ನು ಲೇವಡಿ ಮಾಡುತ್ತಿದ್ದಾನೆ ಅಂತ ಯಾರೂ ತಿಳಿಯಬೇಡಿ. ನಂಜನಗೂಡು ತಾಲ್ಲೂಕಿನ ಹೊಲಗಳಲ್ಲಿ ಅರಿಶಿನ ಬೆಳೆಯುವುದನ್ನು ನೋಡಿಕೊಂಡೇ ಬೆಳೆದವನು ನಾನು, ಕಿತ್ತ ಗೆಡ್ಡೆ ಬೇಯಿಸುವ ವಾಸನೆ ಬಂದರೆ ಈಗಲೂ ಬಸ್ಸಿನ ಕಿಟಕಿ ತೆಗೆಯುತ್ತೇನೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಾಗ ಅದನ್ನು 1997ರಲ್ಲಿ ಬೀಳಿಸಿದ್ದು ಭಾವನೆಯಲ್ಲ. ಸಿಎಸ್‌ಐಆರ್‌ನವರು ಹಳೆಯ ಗ್ರಂಥಗಳು, 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನ, ಹೀಗೆ 32 ದಾಖಲೆ ಮುಂದಿಟ್ಟರು. ಹಿಂದಿನವರು ಏನನ್ನು, ಎಷ್ಟು, ಯಾತಕ್ಕೆ ಬಳಸುತ್ತಿದ್ದರು ಅಂತ ಬರೆದಿಟ್ಟಿದ್ದರಿಂದ ಗೆದ್ದೆವು. ದೊಡ್ಡಮ್ಮನ ಚಮಚಕ್ಕೂ ನಾನು ಕೇಳಿದ್ದು ಆ ಮೂರೇ ಪ್ರಶ್ನೆ.

ಮೊನ್ನೆ ಶನಿವಾರ ಮತ್ತೆ ಹೋದೆ. ಮೈಸೂರಿನಲ್ಲಿ ಇಳಿದು ಎರಡು ಮೂರು ಗ್ರಂಧಿಗೆ ಅಂಗಡಿ ಸುತ್ತಿ, ಸಿಂಹಳದ ಚಕ್ಕೆ ಸಿಗುವ ತನಕ ಬಿಡಲಿಲ್ಲ. ಬೆಲೆ ಕೇಳಿ ಒಂದು ಸಲ ಉಗುಳು ನುಂಗಿದೆ. ಊರಿಗೆ ಹೋಗಿ ಎರಡೂ ಚಕ್ಕೆಯನ್ನು ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟೆ, ಲೆಕ್ಕ ಎಲ್ಲ ಹೇಳಿದೆ, ಚ್ಯವನಪ್ರಾಶದ ಹನ್ನೆರಡು ಗ್ರಾಮನ್ನೂ ಹೇಳಿದೆ. ಕೂಮರಿನ್ನಿಗೆ ದೊಡ್ಡಮ್ಮ ಜಗ್ಗಲಿಲ್ಲ, ಚರಕನಿಗೆ ಜಗ್ಗಿದರು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಈ ಚಕ್ಕೆ ವಿಷಯ ಹೇಳಿ ಲಿವರ್ ಪರೀಕ್ಷೆಯನ್ನೂ ಮಾಡಿಸುವುದು ಅಂತಾಯಿತು.

ಆಮೇಲೆ ಸಿಂಹಳದ ಚಕ್ಕೆಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಅಗಿದರು.

"ಇದೇನೋ ಮಗ, ಇದರಲ್ಲಿ ಖಾರಾನೇ ಇಲ್ಲ. ಇಷ್ಟು ದುಡ್ಡು ಕೊಟ್ಟು ತಂದ್ಯಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಲವಂಗದ ವಾಸನೆ ಬರ್ತದೆ ಕಣೋ" ಅಂತ ಸೇರಿಸಿದರು.

ಹಳೆಯ ಡಬ್ಬಿಯ ಪುಡಿ ವಾಂಗಿಬಾತ್ ಪುಡಿಗೆ ಹೋಯಿತು.